ತಾಳೆ ಗುರುತು

ಶಿಡ್ಲಘಟ್ಟದ ಸರ್ಕಾರಿ ಶಾಲೆ, ಏಳನೇ ಕ್ಲಾಸು.
ಫಿಲೇಚರುಗಳ ಕಡೆಯಿಂದ ಗಾಳಿ ಬೀಸಿದರೆ
ಬೆಂದ ಹುಳದ ವಾಸನೆ ಒಳಗೆ ಬಂದು ಕೂರುತ್ತದೆ,
ಹಾಜರಿ ಕೂಗದೆಯೇ.

ಹತ್ತೊಂಬತ್ತು ವರ್ಷದಿಂದ ಇಲ್ಲಿ ಗಣಿತ ಹೇಳುತ್ತೇನೆ.
ಯಾರನ್ನೂ ಬೇರೆ ಮಾಡಿದವಳಲ್ಲ ಎಂದು
ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಆ ದಿನ ಭಿನ್ನರಾಶಿ.
ಕೊನೆಯ ಬೆಂಚಿನ ಮುಬೀನಾ ತಲೆ ಬಗ್ಗಿಸಿ ಗೀಚುತ್ತಿದ್ದಳು,
ಮೆಹಂದಿಯ ಬಳ್ಳಿ ಇರಬೇಕೆಂದು
ನೋಟ್‌ಬುಕ್ಕು ಕಿತ್ತುಕೊಂಡೆ.
ಗೀಟು, ಗೀಟು, ಗೀಟು, ಗೀಟು,
ಐದನೆಯದು ಓರೆಯಾಗಿ ಅಡ್ಡ.
ನಾನೇ ಕಲಿಸಿದ್ದು, ಜೂನ್ ತಿಂಗಳಲ್ಲಿ.

"ಇದೇನಮ್ಮ?"
"ಮಿಸ್ಸು ಯಾರಿಗೆ ಎಷ್ಟು ಸಲ ಪ್ರಶ್ನೆ ಕೇಳ್ತಾರೆ ಅಂತ."

ಮುಂದಿನ ಬೆಂಚು, ಮೂವರು: ಮೂವತ್ತೊಂದು.
ನಡುವಿನ ಸಾಲು: ಒಂಬತ್ತು.
ಕಿಟಕಿ ಪಕ್ಕದ ತೆಲುಗು ಹುಡುಗರು: ನಾಲ್ಕು,
"ಅದರಲ್ಲಿ ಮೂರು ಬೈಗುಳ" ಎಂದು ಕೆಳಗೆ ಟಿಪ್ಪಣಿ.
ಕೊನೆಯ ಬೆಂಚಿನ ಹುಡುಗಿಯರು:
ಅಲ್ಲಿ ಸೊನ್ನೆಯನ್ನೂ ಬರೆದಿರಲಿಲ್ಲ.
ಖಾಲಿ ಬಿಟ್ಟಿದ್ದಳು.

ಅಭ್ಯಾಸಬಲ, ತಪ್ಪು ಹುಡುಕಿದೆ.
ಮೇಲಿನಿಂದ ಕೂಡಿದೆ, ಕೆಳಗಿನಿಂದ ಕೂಡಿದೆ.
ತಾಳೆಯಾಯಿತು.

ಅವಳ ಬೆರಳು ನೋಡಿದ್ದು ಆಗಲೇ.
ನಾಲ್ಕು ಗಂಟೆಗೆದ್ದು ಮನೆಯ ಚರಕದ ಮುಂದೆ
ಬಿಸಿನೀರಲ್ಲಿ ಗೂಡು ಕಲಕಿ ಎಳೆಯ ತುದಿ ಹಿಡಿದು
ಬಿಳಚಿ ಸುಕ್ಕಾದ ಬೆರಳು.
ಎಂಟು ಎಳೆ ಒಂದಾಗಿ ಓಡುವಾಗ ಒಂದು ತುಂಡಾದರೆ
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದಂತೆ.
ಇಲ್ಲೂ ಅವಳು ಅದೇ ಕೆಲಸ ಮಾಡಿದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳು.
ನಿದ್ದೆ ಬಂತು. ಸಿಟ್ಟೂ ಬಂತು, ಅವಳ ಮೇಲೆ.
ನಾಚಿಕೆ ಬಂದದ್ದು ಬುಧವಾರ, ಬಸ್‌ಸ್ಟ್ಯಾಂಡಿನಲ್ಲಿ,
ಕಡಲೆಕಾಯಿಯವಳು ಮೊದಲು ಬಂದವರಿಗೆ ಮೊದಲು
ಪೊಟ್ಟಣ ಕಟ್ಟುವುದನ್ನು ನೋಡುತ್ತಾ ನಿಂತಾಗ.

ಗುರುವಾರ ಹಳೆಯ ಬಿಸ್ಕತ್ತಿನ ಡಬ್ಬಿ ತಂದೆ.
ಹರಾಜಿನಲ್ಲಿ ಯಾರೂ ಬೆಲೆ ಕೂಗದ ತೂತು ಗೂಡು ಮೂವತ್ತೆಂಟು,
ಒಂದೊಂದರ ಮೇಲೂ ಒಂದೊಂದು ಹೆಸರು.
ಡಬ್ಬಿಗೆ ಯಾರ ಅಪ್ಪನ ಹೆಸರೂ ಗೊತ್ತಿಲ್ಲ ಎಂದೆ,
ಜಂಬದಿಂದ.

ಮೊದಲು ಬಂದದ್ದು ಗಂಗುಲಪ್ಪ.
ಅವನಿಗೆ ಮಾತು ತೊದಲು, ಕನ್ನಡದಲ್ಲಿ ಇನ್ನಷ್ಟು.
ಮುಕ್ಕಾಲಿನಿಂದ ಕಾಲು ಕಳೆದರೆ?
ಎದ್ದು ನಿಂತ. ತುಟಿ ನಡುಗಿತು.
ಮುಂದಿನ ಬೆಂಚಿನ ಕೈಗಳು ಮೇಲೆ, ಮಿಸ್ ಮಿಸ್ ಮಿಸ್.
ಮೂರು ಸೆಕೆಂಡಿಗೆ ಮುಂದಕ್ಕೆ ಹೋಗುವವಳು ನಾನು,
ಮುಬೀನಾ ಅದನ್ನೂ ಅಂಚಿನಲ್ಲಿ ಬರೆದಿದ್ದಳು.
ಗೋಡೆಯ ಗಡಿಯಾರ ನೋಡಿದೆ. ಐದು. ಒಂಬತ್ತು. ಹದಿನಾಲ್ಕು.
ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದನ್ನು
ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.
ಇಪ್ಪತ್ತಮೂರು.
"ಸ... ಸ... ಸಗಂ."

ಯಾರೋ ಕಿಸಕ್ಕನೆ ನಕ್ಕರು.
"ಆಧಾ" ಎಂದಳು ಹಿಂದಿನಿಂದ ಮುಬೀನಾ, ಯಾರೂ ಕೇಳದೆ,
ತನ್ನ ರೊಟ್ಟಿ ಮುರಿದು ಕೊಟ್ಟ ಹಾಗೆ.
ಹಲಗೆಯ ಮೇಲೆ ಬರೆದೆ:
ಸಗಂ, ಆಧಾ, ಅರ್ಧ.
ನಡುನಡುವೆ ಸಮಚಿಹ್ನೆ.
ಎರಡನೆಯದಕ್ಕೆ ಸೀಮೆಸುಣ್ಣ ಮುರಿಯಿತು.

ಎಲ್ಲ ಸರಿಹೋಯಿತು ಅಂತಲ್ಲ.
ಸಿಲಬಸ್ ಎರಡು ಪಾಠ ಹಿಂದಿದೆ ಎನ್ನುತ್ತಾರೆ
ಹೆಡ್ಮಾಸ್ಟರು ಪದ್ಮನಾಭಯ್ಯ. ಹಿಂದಿದೆ, ನಿಜ.
ಮುಂದಿನ ಬೆಂಚಿನ ಒಬ್ಬನ ತಂದೆ ಬಂದಿದ್ದರು:
"ನಮ್ಮ ಹುಡುಗನ್ನ ಈಗೀಗ ಯಾಕೆ ಕೇಳಲ್ಲ?"
ಡಬ್ಬಿ ತೋರಿಸಿದೆ. ಒಳಗೆ ಇಣುಕಿ, ಬೆಳೆಗಾರರಲ್ಲವೇ,
"ಎಲ್ಲ ವೇಸ್ಟ್ ಗೂಡು" ಎಂದು ಹೋದರು.

ಮುಬೀನಾ ಇನ್ನೂ ಗೀಟು ಎಳೆಯುತ್ತಾಳೆ. ನಾನೇ ಹೇಳಿದ್ದೇನೆ.
ಶನಿವಾರದ ಬೆಲ್ಲಿಗೆ ನೋಟ್‌ಬುಕ್ಕು ಮೇಜಿನ ಮೇಲಿಟ್ಟು
ತಿರುಗಿ ನೋಡದೆ ಹೋಗುತ್ತಾಳೆ.
ಹೋಂವರ್ಕು ಮಾಡದೆ ಬಂದವಳ ಹಾಗೆ ತೆರೆಯುತ್ತೇನೆ.

ಈ ವಾರ ಅವಳ ಹೆಸರಿನ ಮುಂದೆ ನಾಲ್ಕು ಗೀಟು,
ನೆಟ್ಟಗೆ ನಿಂತಿವೆ, ಅಡ್ಡಗೀಟಿಗೆ ಜಾಗ ಬಿಟ್ಟು.
ಡಬ್ಬಿಗೂ ಮರೆವು ಉಂಟು:
ಅವಳ ಕೆಳಗೆ ಇನ್ನೊಂದು ಹೆಸರು, ಮುಂದೆ ಖಾಲಿ.
ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ,
ಮತ್ತೆ ಹಾಕಿಕೊಂಡೆ,
ಯಾರದೆಂದು ಓದಲು.