ನಾಲ್ಕು ಸಾವಿರದ ಬಳಿ ಒಂದು ಹುಳುಕು

ಇಜ್ಮೀರಿನ ದಂತ ಕಾಲೇಜು, ಎರಡನೇ ಮಹಡಿ,
ಸಾಲಾಗಿ ಇಪ್ಪತ್ತೆರಡು ಕುರ್ಚಿ.
ಒಂಬತ್ತಕ್ಕೆ ಯಾರೋ ಒಬ್ಬರು ಪೆಡಲ್ ಒತ್ತುತ್ತಾರೆ,
ಆಮೇಲೆ ಎಲ್ಲರೂ.
ಹೆಜ್ಜೇನಾದರೆ ಒಂದು ಹೊತ್ತಿಗೆ ಸಿಟ್ಟಿಳಿಯುತ್ತದೆ.

ನೆಲಮಾಳಿಗೆಯಲ್ಲಿ ರಾಸಿಮ್ ಉಸ್ತಾ,
ಕೆಟ್ಟ ಡ್ರಿಲ್ಲುಗಳ ವೈದ್ಯ.
ಮೊದಲೆಲ್ಲ ಕಿವಿಗೆ ಹಿಡಿದೇ ಹೇಳುತ್ತಿದ್ದನಂತೆ
ಯಾವ ಬೇರಿಂಗ್ ಸವೆದಿದೆ, ಯಾರ ಕೈ ಒರಟು.
ಈಗ ಬೆರಳ ತುದಿಗೆ ಹಿಡಿಯುತ್ತಾನೆ.
ನಡುಕ ಸುಳ್ಳು ಹೇಳುವುದಿಲ್ಲ, ಅನ್ನುತ್ತಾನೆ
ಬೇಕಾದ್ದಕ್ಕಿಂತ ಗಟ್ಟಿಯಾಗಿ.

ನನ್ನ ಥೀಸಿಸ್ಸಿಗೆಂದು ಅರವತ್ತೊಂದು ಜನಕ್ಕೆ ಪ್ರಶ್ನೆ ಹಂಚಿದ್ದೆ.
ಈ ಸದ್ದು ಕಿವಿಗೆ ಕೆಡುಕೆಂದು ಗೊತ್ತೆ?
ಗೊತ್ತು, ಗೊತ್ತು, ಗೊತ್ತು.
ಕಿವಿಗೆ ಏನಾದರೂ ಹಾಕಿಕೊಳ್ಳುತ್ತೀರಾ?
ಖಾಲಿ ಚೌಕಗಳು, ಈಗಷ್ಟೇ ಉಜ್ಜಿದ ಹಲ್ಲಿನಂತೆ ಬೆಳ್ಳಗೆ.
ಶೆರ್ಮಿನ್ ಮಾತ್ರ ಅಂಚಿನಲ್ಲಿ ಬರೆದಿದ್ದಳು:
'ಹಾಕಿಕೊಂಡರೆ ರೋಗಿ ನರಳಿದ್ದು ಕೇಳಿಸೀತೆ?'
ಆ ಮಾತಿಗೆ ನನ್ನ ಕೋಷ್ಟಕದಲ್ಲಿ ಮನೆ ಇರಲಿಲ್ಲ.

ಅರವತ್ತೆರಡನೆಯವಳು ನಾನು.
ಪೆಟ್ಟಿಗೆಯಂಥ ಕೋಣೆ, ಗೋಡೆಗೆ ಸ್ಪಂಜು,
ಕೈಯಲ್ಲೊಂದು ಗುಂಡಿ.
ಕೇಳಿಸಿದಾಗ ಒತ್ತಿ, ಎಂದರು.
ಒತ್ತಿದೆ. ಒತ್ತಿದೆ.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಯಂತ್ರ ನಿಂತಿತೇನೋ ಎಂದು ಗಾಜಿನಾಚೆ ನೋಡಿದರೆ
ಆಕೆಯ ಬೆರಳು ತಿರುಗಿಸುತ್ತಲೇ ಇತ್ತು.

ಹಾಳೆಯ ಮೇಲೆ ನೆಟ್ಟಗೆ ಬಂದ ಗೆರೆ
ನಾಲ್ಕು ಸಾವಿರದ ಬಳಿ ಗುಳಿ ಬಿದ್ದಿದೆ.
ಎಡಗಿವಿಯಲ್ಲಿ ಸಣ್ಣದು,
ಡ್ರಿಲ್ ಹಿಡಿಯುವ ಕೈಯ ಕಡೆ ಆಳ.
ನನಗೆ ಓದಲು ಬರುವ ಚಿತ್ರವೇ.
ದಿನಾ ಎಕ್ಸರೇ ಎತ್ತಿ ಹಿಡಿದು ರೋಗಿಗೆ ಹೇಳುವವಳಲ್ಲವೆ ನಾನು:
ನೋಡಿ, ಇಲ್ಲಿ ಹುಳುಕು ಶುರುವಾಗಿದೆ,
ನೋವಿಗೆ ಮೊದಲೇ ಬಂದಿರಿ, ಒಳ್ಳೆಯದಾಯಿತು, ತುಂಬಿಬಿಡೋಣ.
ಇದನ್ನು ಯಾವುದರಿಂದ ತುಂಬಲಿ?

ನಮ್ಮ ಭಾಷೆಯಲ್ಲಿ ದನಿಗೆ 'ಸೆಸ್' ಅನ್ನುತ್ತೇವೆ.
ಮೊದಲು ಕೈಬಿಡುವುದು ಸಕಾರವೇ ಅಂತೆ.
ಹಿಂದಿನದು, ಮುಂದಿನದು, ಎರಡೂ ಉದುರಿದರೆ
ನಡುವೆ ಉಳಿಯುವುದು ಬರೀ 'ಎ'.
ನಮ್ಮಲ್ಲಿ ಅದೂ ಒಂದು ಮಾತು:
ಹೂಂ, ಆಮೇಲೆ?

ಸಂಜೆ ಉಸ್ತಾನಿಗೆ ಹಾಳೆ ತೋರಿಸಿದೆ.
ಚಹಾದ ಲೋಟದಲ್ಲಿ ಚಮಚ ಆಡಿಸುತ್ತಿದ್ದ,
ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು,
ಸಾಕು ಎನ್ನುವ ಟಿಣಿಟಿಣಿ ಅವನಿಗಿಲ್ಲ.
ಮಾತಾಡದೆ ಡ್ರಾಯರಿನಿಂದ ಡಬ್ಬಿಯೊಂದನ್ನು ತಳ್ಳಿದ:
ಹತ್ತೊಂಬತ್ತು ವರ್ಷದ ಹಿಂದೆ ಕಾಲೇಜು ಕೊಟ್ಟ ಇಯರ್‌ಪ್ಲಗ್,
ಸೀಲು ಒಡೆದಿಲ್ಲ.
ಬಿಚ್ಚಿ ಮುಟ್ಟಿದರೆ ಹಳದಿ ಪುಡಿ.

ಹೊಸದು ಕೊಂಡೆ. ಸೋಮವಾರ ಹಾಕಿಕೊಂಡೇ ಕುರ್ಚಿಗೆ ಹೋದೆ.
ಶೆರ್ಮಿನ್, ನರಳಿಕೆ ಕೇಳಿಸುತ್ತದೆ ಕಣೇ,
ಅದು ತಗ್ಗಿನ ದನಿ, ಬುಡದಿಂದ ಬರುವುದು.

ಸೂರಿನಡಿಗೆ ಆಗಲೇ ಬಾನಾಡಿಗಳು ಬಂದಿದ್ದವು,
ಕುಡುಗೋಲು ರೆಕ್ಕೆ, ತೆರೆದ ಕೊಕ್ಕು.
ಮಧ್ಯಾಹ್ನ ಡ್ರಿಲ್ಲುಗಳೆಲ್ಲ ನಿಂತ ಮೇಲೆ
ಪ್ಲಗ್ ತೆಗೆದು ಕಿಟಕಿ ತೆರೆದು
ಎಡಗಿವಿ ಕೊಟ್ಟು ನಿಂತೆ.
ಇನ್ನೂ ಒಂದಿಷ್ಟು ಸಿಕ್ಕಿತು.
ಬಲಕ್ಕೆ ತಿರುಗಲಿಲ್ಲ.