ಎಳೆತದ ಲೆಕ್ಕ

ಅಂಧೇರಿಯ ಮರೋಳ್, ಮೂರನೇ ಮಾಳಿಗೆ.
ಆ ಕಡೆಯಿಂದ ಕನ್ನಡಿ, ಈ ಕಡೆಯಿಂದ ಗಾಜು.
ಈ ಕಡೆ ಸ್ಟೂಲಿನ ಮೇಲೆ ನಾನು,
ತೊಡೆಯ ಮೇಲೆ ಟಿಕ್ಕು ಹಾಕುವ ಹಾಳೆ.
ಗಂಡಸರು ಬಂದು ಗಡ್ಡ ಹೆರೆಯುತ್ತಾರೆ,
ನಾನು ಎಳೆತ ಎಣಿಸುತ್ತೇನೆ.

ಎಡಗೆನ್ನೆ ಮೂವತ್ತೊಂದು. ಬಲಗೆನ್ನೆ ಇಪ್ಪತ್ತೆಂಟು.
ಗದ್ದದ ತಿರುವಿನಲ್ಲಿ ಎಲ್ಲರೂ ತಡವರಿಸುತ್ತಾರೆ.
ಮೂಗಿನ ಕೆಳಗೆ ಬಂದಾಗ ಎಂಥ ಪೈಲ್ವಾನನೂ
ಹಲ್ಲಿಲ್ಲದ ಅಜ್ಜಿಯ ಹಾಗೆ ತುಟಿ ಒಳಗೆಳೆದುಕೊಳ್ಳುತ್ತಾನೆ.
ಇದನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ.

ನಾನು ಸೇರಿದಾಗ ಎರಡೇ ಅಲಗು.
ಮೊದಲನೆಯದು ಕೂದಲನ್ನು ಎಬ್ಬಿಸುತ್ತದೆ,
ಮತ್ತೆ ಮಲಗುವ ಮೊದಲೇ ಎರಡನೆಯದು ಕತ್ತರಿಸುತ್ತದೆ:
ಖಂಬಾಟಾ ಮೇಡಂ ಹೇಳಿಕೊಟ್ಟ ಪಾಠ,
ಗೋಡೆಯ ಮೇಲೆ ತೆಂಗಿನಮರದಷ್ಟು ದಪ್ಪದ ಕೂದಲಿನ ಚಿತ್ರ ಮೂಡಿಸಿ.
ಮೂರು ಬಂತು.
ಮೂರನೆಯದಕ್ಕೆ ಏನು ಕೆಲಸ, ಮೇಡಂ?
‘ಉಳಿದದ್ದು.’
ಮದುವೆಯಾಗಿ ಬಂದಾಗ ಅತ್ತೆ ನನಗೆ ವಹಿಸಿದ ಕೆಲಸವೂ ಅದೇ.
ಐದು ಬಂದಾಗ ಯಾರೂ ಏನೂ ಕೇಳಲಿಲ್ಲ.

ಹಿಡಿ ಅಗ್ಗ, ತಲೆ ದುಬಾರಿ.
ಹಿಡಿಯನ್ನು ಕಾಲೇಜಿನ ಗೇಟಿನಲ್ಲಿ ಪೇಡೆಯ ಹಾಗೆ ಹಂಚಿದೆವು,
ಮೀಸೆ ಚಿಗುರದ ಹುಡುಗರಿಗೂ.
ಆಮೇಲೆ ತಲೆ ಬೇಕಾದರೆ
ಮೆಡಿಕಲ್ಲಿನವನು ಗಾಜಿನ ಕಪಾಟಿನ ಬೀಗ ತೆಗೆಯುತ್ತಾನೆ,
ಝವೇರಿ ಬಜಾರಿನವನ ಮುಖ ಮಾಡಿಕೊಂಡು.

ಒಮ್ಮೆ ಗೋವಂಡಿಯ ಇಲ್ಯಾಸ್
ನಲ್ಲಿ ತಿರುಗಿಸಿ, ಬಿಸಿನೀರು ಬಂದು, ಬೆಚ್ಚಿ ಹಿಂದೆ ಸರಿದ.
ಅವನ ಮನೆಯಲ್ಲಿ ಒಂದು ಮಗ್ಗು, ಅದೂ ಅರ್ಧ.
ಹೊಸ್ತಿಲಲ್ಲಿ ಕೂತು,
ಕನ್ನಡಿಯನ್ನು ಚಪ್ಪಲಿಗೆ ಒರಗಿಸಿಕೊಂಡು ಬೋಳಿಸುವವನು.
ನಾವು ಕೊಟ್ಟಿದ್ದನ್ನು ಮಗ್ಗಿನಲ್ಲಿ ಎಷ್ಟು ಅಲುಬಿದರೂ
ಐದು ಅಲಗಿನ ಸಂದಿಯ ಕೂದಲು ಹೊರಬರಲಿಲ್ಲವಂತೆ,
ಸಂಜೆ ಆರೂ ಹತ್ತರ ಲೋಕಲ್ಲಿನಲ್ಲಿ
ಕುರ್ಲಾದಲ್ಲಿ ಇಳಿಯಬೇಕಾದವರ ಹಾಗೆ.
ವರದಿಯಲ್ಲಿ ನಾನು ಬರೆದೆ: ನೀರಿನ ಕೊರತೆ.
ಮೇಡಂ ತಿದ್ದಿದರು: ಬಳಕೆದಾರನ ತಿಳಿವಳಿಕೆಯ ಕೊರತೆ.

ಬಬನ್ ಘಾಡ್ಗೆ, ರಾತ್ರಿಪಾಳಿಯ ವಾಚ್‌ಮನ್.
ಒಟ್ಟು ಎಳೆತ ನಲವತ್ತು. ರಕ್ತವಿಲ್ಲ.
ನಯವಾಗಿತ್ತೇ, ಬಹಳ ನಯವಾಗಿತ್ತೇ, ಎಂದು ಕೇಳಿದರೆ
ಅವನು ಆ ತಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ,
ಉಗುರು ಹಾಕಿ ಎಬ್ಬಿಸಲು ನೋಡಿದ.
‘ಇದರಿಂದ ಬ್ಲೇಡು ಬಿಚ್ಚುವುದು ಹೇಗೆ, ತಾಯಿ?’
ಯಾಕೆ ಬಿಚ್ಚಬೇಕು?
‘ಹಳೇದಾದ ಮೇಲೆ ಮಗಳ ಪೆನ್ಸಿಲ್ಲಿಗೆ ಬೇಕಲ್ಲ.
ಯೂನಿಫಾರ್ಮಿನ ಮಡಿಕೆ ಬಿಚ್ಚಲಿಕ್ಕೆ.
ನನ್ನ ಅಂಗಾಲಿನ ಆಣಿಗೆ.
ಇದು ಸತ್ತರೆ ಸತ್ತೇಹೋಯಿತಾ?’
ಬಹಳ ನಯವಾಗಿತ್ತು, ಎಂದು ನಾನೇ ಟಿಕ್ಕು ಹಾಕಿದೆ.
ಹೋಗುವ ಮುಂಚೆ ಅವನು ಕನ್ನಡಿಯ ಹತ್ತಿರ ಬಂದು
ಕಿವಿಯ ಬುಡದ ನೊರೆ ಒರೆಸಿಕೊಂಡ,
ನನ್ನ ಕಣ್ಣೊಳಗೆ ನೋಡುತ್ತ, ನನ್ನನ್ನು ನೋಡದೆ.

ಡೊಂಬಿವಲಿಯಲ್ಲಿ ನಮ್ಮವರು, ವಾಮನ ಕುಕ್ಯಾನರು,
ಎರಡು ತಿಂಗಳಿಂದ ಅದೇ ತಲೆ.
ಮೇಲಿನ ಹಸಿರು ಪಟ್ಟಿ ಬಿಳುಚಿದರೆ ಬದಲಿಸಿ ಎಂದರ್ಥ,
ಆ ಅರ್ಥ ಹೊರಟದ್ದು ನಮ್ಮ ಆಫೀಸಿನಿಂದಲೇ.
‘ಇನ್ನೂ ಎರಡು ವಾರ ಬರ್ತದೆ ಮಾರಾಯ್ತಿ’ ಎನ್ನುತ್ತಾರೆ.
ಬಾತ್‌ರೂಮಿನ ಬಾಗಿಲಾಚೆ ಕರಕರ ಸದ್ದು,
ಅಕ್ಕಿ ತೊಳೆಯುತ್ತ ನಾನು, ಹದಿನೇಳು, ಹದಿನೆಂಟು.
ಅವರಿಗೆ ಗೊತ್ತಿಲ್ಲ.

ನನಗೂ ಗದ್ದದ ಕೆಳಗೆ ಬಿರುಸಾದ್ದೊಂದು ಇದೆ,
ನಲವತ್ತಾರು ದಾಟಿದ ಮೇಲೆ ಬಂದದ್ದು.
ಗುಲಾಬಿ ಹಿಡಿಯದ್ದು ತಂದುಕೊಂಡೆ:
ಅದೇ ತಲೆ, ಅದೇ ಐದು, ಇಪ್ಪತ್ತು ರೂಪಾಯಿ ಜಾಸ್ತಿ.
ಒಂದೇ ಕೂದಲು.
ಮೊದಲನೆಯದು ಎಬ್ಬಿಸುತ್ತದೆ, ಎರಡನೆಯದು ಕತ್ತರಿಸುತ್ತದೆ,
ಉಳಿದ ಮೂರು
ಸುಮ್ಮನೆ ಮೇಲಿಂದ ಹಾದುಹೋಗುತ್ತವೆ,
ಸಂಬಳ ತೆಗೆದುಕೊಂಡು ಗಾಜಿನ ಹಿಂದೆ ಕೂತವರ ಹಾಗೆ.