ಬೀಗದ ಕೈ

ಲೋರ್ನಾ ಟಿಬೆಟ್ಸ್ ಮೊದಲು ಕೇಳಿದ್ದು ನಾಯಿ ಕಚ್ಚುತ್ತದೆಯೇ ಎಂದು.
ಅದಕ್ಕೆ ಉಳಿದಿರುವುದೇ ನಾಲ್ಕು ಹಲ್ಲು ಎಂದೆ, ನಕ್ಕಳು.
ಆಮೇಲೆ ಕಡಲೆಕಾಯಿ: ಮಗನಿಗೆ ಆಗಿಬರುವುದಿಲ್ಲ, ತುಟಿ ಊದುತ್ತದೆ.
ಡಬ್ಬಿಯನ್ನು ಕೊಟ್ಟಿಗೆಗೆ ಒಯ್ದಿಡುತ್ತೇನೆ ಎಂದೆ.
ಆಮೇಲೆ ಫೋನಿನಲ್ಲಿ ಬರೀ ಉಸಿರು.
ಆಮೇಲೆ, ಮೋಡ ಇದೆಯಾ ಅಂತ ಕೇಳುವವರ ದನಿಯಲ್ಲಿ,
ನಿಮ್ಮ ಮನೆಯಲ್ಲಿ ಕೋವಿ ಇದೆಯಾ ಆಂಡರ್,
ಬೀಗ ಹಾಕಿರುತ್ತೀರಾ?

ಇಡಾಹೋದ ಈ ಕಣಿವೆಯಲ್ಲಿ ಅದು
ನಿಮ್ಮ ಮನೆಯಲ್ಲಿ ಒಲೆ ಇದೆಯಾ ಎಂದು ಕೇಳಿದ ಹಾಗೆ.
ಅಜ್ಜ ಬಾಸ್ಕ್ ಬೆಟ್ಟ ಬಿಟ್ಟು ಕುರಿಗಳ ಹಿಂದೆ ಬಂದಾಗ
ಇಲ್ಲಿಯ ಮಾತು ಬರುತ್ತಿರಲಿಲ್ಲ; ಕಯೋಟಿಗಳ ಜೊತೆ
ಅವನ ಪರವಾಗಿ ಮಾತಾಡಿದ್ದು ಅವನ ಕೋವಿ.
ಅದು ಇದೆ. ಅಪ್ಪ ಎಲ್ಕ್ ಹೊಡೆಯುತ್ತಿದ್ದದ್ದು ಇದೆ.
ಇನ್ನೊಂದು, ಅಂಗೈಯಷ್ಟರದು,
ಮಾಯ್ತೆ ಹುಟ್ಟಿದ ವಾರ ನಾನೇ ಕೊಂಡದ್ದು,
ಅವಳನ್ನು ಕಾಯಲಿಕ್ಕೆ.

ಇದೆ, ಬೀಗವೂ ಇದೆ,
ನಾವೇನು ನಿನ್ನೆ ಮೊನ್ನೆ ಕೋವಿ ಹಿಡಿದವರಲ್ಲ, ಎಂದೆ.
ಅವಳು ಥ್ಯಾಂಕ್ಸ್ ಎಂದದ್ದು ಇಡೀ ದಿನ
ಹಲ್ಲಿನ ಸಂದಿಯ ಮಾಂಸದ ಎಳೆಯ ಹಾಗೆ ಕಾಡಿತು.

ರಾತ್ರಿ ಪಾತ್ರೆ ಒರೆಸುತ್ತ ಕೊರೀನಳಿಗೆ ಒಪ್ಪಿಸಿದೆ:
ಎಷ್ಟು ಧೈರ್ಯ ನೋಡು, ಊರಿಗೆ ಬಂದು ಮೂರು ಚಳಿಗಾಲ ಆಗಿಲ್ಲ.
ಮೇಜಿನ ಕೆಳಗೆ ಮಾಯ್ತೆ ಕುದುರೆ ಬರೆಯುತ್ತಿದ್ದಳು,
ಐದು ಕಾಲಿನದು.
ತಲೆ ಎತ್ತದೆ ಅಂದಳು:
ಬೀಗದ ಕೈ ನೀಲಿ ಲೋಟದಲ್ಲಿ ಮಲಗುತ್ತೆ.

ನಲ್ಲಿ ಸುರಿಯುತ್ತಲೇ ಇತ್ತು.

ಹೇಗೆ ಗೊತ್ತು ಎಂದರೆ, ತೋರಿಸ್ತೀನಿ ಎಂದು ಹೊರಟಳು,
ಹೊಸ ಹಾಡು ಒಪ್ಪಿಸುವವಳಂತೆ.
ಸ್ಟೂಲು ಎಳೆದು ತಂದಳು. ಹಲ್ಲುಜ್ಜಲು ನಲ್ಲಿ ಎಟುಕಲೆಂದು
ಪೈನ್ ಹಲಗೆ ಕೊಯ್ದು ನಾನೇ ಮಾಡಿದ್ದು,
ಸಿಬಿರು ಚುಚ್ಚಬಾರದೆಂದು ಅಂಚನ್ನೆಲ್ಲ ಉಜ್ಜಿ ಉಜ್ಜಿ ನಯ ಮಾಡಿದ್ದು.
ಸ್ಟೂಲಿನಿಂದ ಕಟ್ಟೆ, ಕಟ್ಟೆಯ ಮೇಲೆ ತುದಿಗಾಲು.
ಲೋಟದ ಕಂಠಕ್ಕೆ ಒಂದು ಬೆರಳು ಸಿಕ್ಕಿಸಿ ಬಾಗಿಸಿದಳು.
ಬೀಗಕ್ಕೊಂದು ಕೈ; ಆ ಕೈ
ಈಗ ನಾಲ್ಕು ವರ್ಷದ ಕೈಯೊಳಗೆ.
ನಾನು ತೆಗೆಯಲ್ಲ ಅಪ್ಪಾ, ಅದು ನಿಂದು.

ನಂಬಬೇಕೆನಿಸಿತು.
ಇದೇ ಬಾಯಿ ನಿನ್ನೆ ಸಕ್ಕರೆ ಮುಟ್ಟಿಲ್ಲ ಎಂದಿತ್ತು,
ತುಟಿಯ ತುಂಬ ಸಕ್ಕರೆ ಇಟ್ಟುಕೊಂಡು.
ಕೋವಿಗೂ ಒಂದು ಕುದುರೆ ಇರುತ್ತದೆ.
ಸವಾರ ಯಾರೆಂದು ಅದು ಕೇಳುವುದಿಲ್ಲ.

ನಿದ್ದೆ ಬರಲಿಲ್ಲ.
ಹಳೆಯ ಮನೆಯಲ್ಲಿ, ಅಪ್ಪನ ಮಂಚದ ಪಕ್ಕದ ಗೋಡೆಯಲ್ಲಿ,
ಎದೆ ಎತ್ತರಕ್ಕೆ ಒಂದು ತೂತಿತ್ತು. ಏಳು ವರ್ಷದ ಎದೆ.
ಚಿಕ್ಕಪ್ಪನ ಮಗ ಶಾಬಿಯೆರ್ ಒಂದು ಹೆಜ್ಜೆ ಎಡಕ್ಕೆ ನಿಂತಿದ್ದ, ಅಷ್ಟೆ;
ಮೂವತ್ತು ವರ್ಷದಿಂದ ಆ ಮಾತು ನಾವಿಬ್ಬರೂ ಎತ್ತಿಲ್ಲ.
ತೂತು ಮುಚ್ಚಲು, ದನದ ಮೇವಿನಂಗಡಿ ಕೊಟ್ಟ ಕ್ಯಾಲೆಂಡರಿಗೆ
ಒಂದು ಗೇಣು ಕೆಳಗೆ ಹೊಸ ಮೊಳೆ ಹೊಡೆದೆವು.
ಪ್ರತಿ ಜನವರಿ ಅಮ್ಮ ಕ್ಯಾಲೆಂಡರ್ ಬದಲಿಸುತ್ತಿದ್ದಳು,
ಹಳೆಯದನ್ನು ಇಳಿಸಿ, ಹೊಸದನ್ನು ಆ ಹೊಸ ಮೊಳೆಗೇ.
ಕೇಳಲಿಲ್ಲ.
ಒಂದು ಸಲವೂ.

ಬೆಳಿಗ್ಗೆ ಪೇಟೆಯಿಂದ ಅಂಕಿ ಒತ್ತುವ ಉಕ್ಕಿನ ಪೆಟ್ಟಿಗೆ ತಂದೆ.
ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಕೋಣೆ.
ಅವಳ ಹುಟ್ಟಿದ ದಿನ ಒತ್ತಲು ಹೊರಟ ಬೆರಳನ್ನು
ಹಿಂದಕ್ಕೆಳೆದುಕೊಂಡೆ; ಆ ಅಂಕಿ ಅವಳಿಗೆ ಬರುತ್ತದೆ.

ಆಮೇಲೆ ಲೋರ್ನಾಗೆ ಫೋನು ಮಾಡಿ
ನಿನ್ನೆ ಹೇಳಿದ್ದು ಸುಳ್ಳು ಎಂದೆ, ಈಗ ನಿಜ ಎಂದೆ,
ಶನಿವಾರ ಹುಡುಗನನ್ನು ಕಳಿಸಿ.
ನನಗೇ ತಿಳಿಯದೆ ಬಾಯಿಗೆ ಬಂತು: ನಿಮ್ಮಲ್ಲಿ?

ಬರೀ ಉಸಿರು.
ಗಂಡನ ಟ್ರಕ್ಕು, ಸೀಟಿನ ಕೆಳಗೆ... ತಡೆಯಿರಿ, ನೋಡಿ ಬರುತ್ತೇನೆ.
ಫೋನು ಮೇಜಿನ ಮೇಲೆ ಕೂತ ಸದ್ದು.
ಬಾಗಿಲು. ಜಲ್ಲಿಯ ಮೇಲೆ ಓಡುವ ಚಪ್ಪಲಿ.
ನಾನು ಕಿವಿಗೆ ಒತ್ತಿ ಹಿಡಿದೇ ಇದ್ದೇನೆ.